ಒಂಬತ್ತು ಎಲೆ, ಕಾಣದ ರಾಣಿ

ಬ್ರಿಡ್ಜ್ ಕಲಿಯೋಕೆ ಹೊರಟವರಿಗೆ ಮೊದಲ ತಿಂಗಳಲ್ಲೇ ಒಂದು ಮಂತ್ರ ಹೇಳಿಕೊಡ್ತಾರೆ. ಒಂದು ಜಾತಿಯ ಎಲೆಗಳು ನಿಮ್ಮ ಕೈ, ಜೊತೆಗಾರನ ಕೈ ಎರಡೂ ಸೇರಿ ಎಂಟಿದ್ದು, ಆ ಜಾತಿಯ ರಾಣಿ ಎದುರಾಳಿಗಳ ಹತ್ರ ಇದ್ದರೆ ಯಾವಾಗಲೂ ಫಿನೆಸ್ ಮಾಡಿ. ಒಂಬತ್ತಿದ್ದರೆ ಎಂದೂ ಮಾಡಬೇಡಿ; ಎಕ್ಕ ಎತ್ತಿ, ರಾಜ ಎತ್ತಿ, ರಾಣಿ ತಾನಾಗೇ ಬೀಳುತ್ತೆ. ಇಂಗ್ಲಿಷಿನಲ್ಲಿ ಇದಕ್ಕೆ ಪ್ರಾಸವೂ ಇದೆ, ಹಾಗಾಗಿ ಮರೆಯೋದೇ ಇಲ್ಲ. ಇಪ್ಪತ್ತು ವರ್ಷ ಆಡಿದವರೂ ಎಲೆ ಹಾಕುವಾಗ ತುಟಿಯೊಳಗೆ ಇದನ್ನೇ ಗುನುಗೋದನ್ನ ಕೇಳಿದ್ದೀನಿ.

ನನ್ನ ತಕರಾರು ಈ ಮಂತ್ರದ ಮೇಲೆ. ಮಂತ್ರದ ಹಿಂದೆ ಒಂದು ದೊಡ್ಡ ಪಟ್ಟಿ ಇದೆ, ಆ ಪಟ್ಟಿಯ ಹಿಂದೆ ಸೊಗಸಾದ ಲೆಕ್ಕ ಇದೆ. ಲೆಕ್ಕ ಬಿಟ್ಟು ಪಟ್ಟಿ, ಪಟ್ಟಿ ಬಿಟ್ಟು ಮಂತ್ರ ಅಂತ ಇಳಿದು ಬಂದಿದ್ದೀವಿ. ಇಳೀತಾ ಇಳೀತಾ ಏನು ಕಳೆದುಹೋಯ್ತು ಅನ್ನೋದನ್ನ ನೋಡೋಣ. ಬ್ರಿಡ್ಜ್ ಗೊತ್ತಿಲ್ಲದವರು ಓಡಿಹೋಗಬೇಡಿ. ನಾಲ್ಕು ಜನ, ಎದುರುಬದುರು ಕೂತವರು ಜೋಡಿ, 52 ಎಲೆ, ತಲಾ 13. ಕೂಗು ಮುಗಿದ ಮೇಲೆ, ಗೆದ್ದ ಜೋಡಿಯಲ್ಲಿ ಒಬ್ಬ ತನ್ನ ಎಲೆಯನ್ನೆಲ್ಲ ಮೇಜಿನ ಮೇಲೆ ಹರಡಿಬಿಡ್ತಾನೆ. ಆ ಕೈಗೆ ಡಮ್ಮಿ ಅಂತಾರೆ. ಇನ್ನೊಬ್ಬ ಎರಡೂ ಕೈ ಆಡ್ತಾನೆ. ಇಷ್ಟು ಗೊತ್ತಿದ್ದರೆ ಈ ಬರಹಕ್ಕೆ ಸಾಕು.

ಇಪ್ಪತ್ತೆಂಟರ ಊರಿನಿಂದ

ನಾನು ಕುಂಸಿ ಕಡೆಯವನು. ತಾಳಗುಪ್ಪ ರೈಲು ಶಿವಮೊಗ್ಗ ಬಿಟ್ಟ ಮೇಲೆ, ಅರಸಾಳಿಗೆ ಮುಂಚೆ ಸಿಗೋ ಊರು. ನಮ್ಮಲ್ಲಿ ಇಸ್ಪೀಟು ಅಂದ್ರೆ ಇಪ್ಪತ್ತೆಂಟು. 32 ಎಲೆ, ತಲಾ ಎಂಟು. ಗುಲಾಮನಿಗೆ ಮೂರು, ಒಂಬತ್ತಕ್ಕೆ ಎರಡು, ಎಕ್ಕ ಮತ್ತು ಹತ್ತಕ್ಕೆ ಒಂದೊಂದು. ಒಂದು ಜಾತಿಗೆ ಏಳು ಅಂಕ, ನಾಲ್ಕು ಜಾತಿಗೆ ಇಪ್ಪತ್ತೆಂಟು. ಮೊದಲು ನಾಲ್ಕೇ ಎಲೆ ಹಂಚ್ತಾರೆ, ಅಷ್ಟನ್ನೇ ನೋಡಿ ಕೂಗಬೇಕು, ತುರುಫನ್ನು ಮಗುಚಿ ಇಡಬೇಕು. ಆಮೇಲೆ ಉಳಿದ ನಾಲ್ಕು ಬರುತ್ತೆ. ಮದುವೆ ಮನೆ ರಾತ್ರಿ, ಗಣಪತಿ ಕೂರಿಸಿದ ಪೆಂಡಾಲು, ಅಡಿಕೆ ಸುಲಿದು ಮುಗಿದ ಮೇಲಿನ ಹೊತ್ತು, ಎಲ್ಲ ಕಡೆ ಇದೇ.

ಈ ಆಟದಲ್ಲಿ ಜೊತೆಗಾರನ ಎಲೆ ಕಾಣಲ್ಲ. ನನ್ನ ಹತ್ರ ಗುಲಾಮ ಇದ್ದು ಒಂಬತ್ತು ಇಲ್ಲದಿದ್ದರೆ, ಅದು ಜೊತೆಗಾರನ ಹತ್ರ ಇರೋ ಸಂಭವ ಮೂರರಲ್ಲೊಂದು, ಎದುರಾಳಿಗಳ ಹತ್ರ ಇರೋದು ಮೂರರಲ್ಲೆರಡು. ಅಲ್ಲಿಗೆ ಲೆಕ್ಕ ಸುಮಾರಾಗಿ ಮುಗೀತು. ಉಳಿದದ್ದೆಲ್ಲ ಮುಖ ನೋಡೋದು, ಯಾರು ಯಾವ ಎಲೆ ಹಾಕೋಕೆ ತಡವರಿಸಿದ ಅನ್ನೋದನ್ನ ನೆನಪಿಡೋದು, ತುರುಫು ಯಾವಾಗ ಕೇಳಬೇಕು ಅಂತ ತೂಗೋದು. ಹಾಗಾಗಿ ಇಪ್ಪತ್ತೆಂಟರಲ್ಲಿ ಹಿರಿಯರ ಮಾತಿಗೆ ತೂಕ ಜಾಸ್ತಿ. ಗುಲಾಮ ಇದ್ರೆ ಮೊದಲು ಎತ್ತು ಅಂದ್ರೆ ಎತ್ತಬೇಕು, ಯಾಕೆ ಅಂತ ಕೇಳೋ ಹಾಗಿಲ್ಲ. ಗೆದ್ದರೆ ಅವರ ಅನುಭವ, ಸೋತರೆ ನಿನ್ನ ಹಣೆಬರಹ.

ಬ್ರಿಡ್ಜ್ ಇದಕ್ಕಿಂತ ಬೇರೆ ಆಗೋದು ಡಮ್ಮಿ ಹರಡಿದ ಕ್ಷಣದಲ್ಲಿ. ಆಡುವವನಿಗೆ 26 ಎಲೆ ಕಾಣುತ್ತೆ. ಕಾಣದ 26 ಎಲೆ ಇಬ್ಬರಲ್ಲಿ ಹದಿಮೂರು ಹದಿಮೂರು ಹಂಚಿಹೋಗಿದೆ. ಅದನ್ನ ಎಷ್ಟು ರೀತಿ ಹಂಚಬಹುದು? ಸರಿಯಾಗಿ 1,04,00,600 ರೀತಿ. ನಾಲ್ಕೂ ಕೈಯ ಹಂಚಿಕೆ ಎಷ್ಟು ಅಂತ ಕೇಳಿದ್ರೆ ಐದರ ಮುಂದೆ ಇಪ್ಪತ್ತೆಂಟು ಸೊನ್ನೆ ಬರೆಯಬೇಕಾಗುತ್ತೆ, ಅದು ಯಾರ ಕೈಗೂ ಎಟುಕಲ್ಲ. ಆದರೆ ಒಂದು ಕೋಟಿ ನಾಲ್ಕು ಲಕ್ಷ ಅನ್ನೋದು ಎಣಿಸಬಹುದಾದ ಸಂಖ್ಯೆ. ನಿಮ್ಮ ಲ್ಯಾಪ್‌ಟಾಪು ಕಾಫಿ ತಣ್ಣಗಾಗೋ ಮೊದಲೇ ಅಷ್ಟನ್ನೂ ಒಂದೊಂದಾಗಿ ನೋಡಿ ಮುಗಿಸುತ್ತೆ. ಒಂದು ಜಾತಿಯ ಎಲೆಗಳನ್ನು ಹೇಗೆ ಆಡಿದರೆ ಹೆಚ್ಚು ಟ್ರಿಕ್ಕು ಸಿಗುತ್ತೆ ಅಂತ ಪಟ್ಟಿ ಮಾಡೋಕೆ ಸಾಧ್ಯ ಆಗಿದ್ದು ಇದರಿಂದ.

ಪಟ್ಟಿ ಮಾಡಿದವರೂ ಸಾಮಾನ್ಯರಲ್ಲ. ಸಂಭವನೀಯತೆಯ ಶಾಸ್ತ್ರದಲ್ಲಿ ದೊಡ್ಡ ಹೆಸರಾದ ಫ್ರಾನ್ಸಿನ ಎಮಿಲ್ ಬೊರೆಲ್, ಆಂದ್ರೆ ಶೆರೋನ್ ಜೊತೆ ಸೇರಿ 1940ರಲ್ಲಿ ಬ್ರಿಡ್ಜಿನ ಗಣಿತದ ಮೇಲೆ ಒಂದು ಪುಸ್ತಕವನ್ನೇ ಬರೆದ. ಅಮೆರಿಕದಲ್ಲಿ 1964ರಲ್ಲಿ ಮೊದಲು ಬಂದ ಬ್ರಿಡ್ಜ್ ವಿಶ್ವಕೋಶದ ಪರಂಪರೆಯಲ್ಲಿ ಜಾತಿಜೋಡಣೆಗಳಿಗೇ ಮೀಸಲಾದ ಉದ್ದನೆಯ ಅಧ್ಯಾಯ ಇದೆ. ಫ್ರಾನ್ಸಿನ ಜಾನ್-ಮಾರ್ಕ್ ರೂದಿನೆಸ್ಕೊ ಇದಕ್ಕೊಂದು ನಿಘಂಟನ್ನೇ ಮಾಡಿದ. ಈಗ ಯೆರೂನ್ ವಾರ್ಮರ್ಡಾಮ್ ಬರೆದ ಸೂಟ್‌ಪ್ಲೇ ಅನ್ನೋ ತಂತ್ರಾಂಶ ಇದೆ. ಎಲೆ ಕೊಟ್ಟರೆ ಸಾಕು, ಹೇಗೆ ಆಡಬೇಕು, ಶೇಕಡ ಎಷ್ಟು ಅಂತ ಹೇಳುತ್ತೆ.

ಇಪ್ಪತ್ಮೂರು ಖಾಲಿ ಜಾಗ

ಈಗ ಮಂತ್ರದ ಒಂಬತ್ತನ್ನು ಬಿಚ್ಚೋಣ. ನನ್ನ ಕೈಲಿ ಎಕ್ಕ, ರಾಜ, ಗುಲಾಮ, ಜೊತೆಗೆ ಎರಡು ಸಣ್ಣವು. ಡಮ್ಮಿಯಲ್ಲಿ ನಾಲ್ಕು ಸಣ್ಣವು. ಎದುರಾಳಿಗಳ ಹತ್ರ ರಾಣಿ ಮತ್ತು ಮೂರು ಸಣ್ಣವು, ಒಟ್ಟು ನಾಲ್ಕು.

ನಾಲ್ಕು ಎಲೆ ಇಬ್ಬರಲ್ಲಿ ಹೇಗೆ ಹಂಚಿರುತ್ತೆ? ಎರಡು-ಎರಡು ಅಂತ ಬಾಯಿಗೆ ಬರುತ್ತೆ. ಅದು ನೂರಕ್ಕೆ 40.7 ಸಲ ಮಾತ್ರ. ಮೂರು-ಒಂದು ಆಗಿರೋದು 49.7 ಸಲ. ಉಳಿದ 9.6 ಸಲ ನಾಲ್ಕೂ ಒಬ್ಬನ ಹತ್ರಾನೇ. ಇಲ್ಲೇ ಹೊಸಬರು ಎಡವೋದು. ಮೂರು-ಒಂದೇ ಹೆಚ್ಚು ಅಂದಮೇಲೆ ಫಿನೆಸ್ ಮಾಡೋದೇ ಸರಿ ಅಲ್ವಾ ಅಂತ ಕೇಳ್ತಾರೆ. ಒಳ್ಳೆ ಪ್ರಶ್ನೆ. ಮಂತ್ರ ಹೇಳಿಕೊಟ್ಟವರು ಇದಕ್ಕೆ ಉತ್ತರ ಹೇಳಲ್ಲ.

ಉತ್ತರ ಹೀಗಿದೆ. ಎಕ್ಕ ಎತ್ತಿದೆ, ಇಬ್ಬರೂ ಸಣ್ಣ ಎಲೆ ಹಾಕಿದ್ರು. ಡಮ್ಮಿಗೆ ಹೋಗಿ ಅಲ್ಲಿಂದ ಇನ್ನೊಂದು ಬಿಟ್ಟೆ, ಬಲಗಡೆಯವ ಮತ್ತೆ ಸಣ್ಣದು ಹಾಕಿದ. ಈಗ ನಾನು ರಾಜ ಎತ್ತಬೇಕಾ, ಗುಲಾಮ ಹಾಕಬೇಕಾ? ಮೂರೂ ಸಣ್ಣವು ಕಂಡಾಯ್ತು. ಕಾಣದೆ ಉಳಿದದ್ದು ರಾಣಿ ಒಂದೇ. ಬಲಗಡೆಯವನ 13 ಎಲೆಯಲ್ಲಿ ಎರಡು ನೋಡಿದ್ದೀನಿ, 11 ಜಾಗ ಗೊತ್ತಿಲ್ಲ. ಎಡಗಡೆಯವನದ್ದು ಒಂದು ನೋಡಿದ್ದೀನಿ, 12 ಜಾಗ ಗೊತ್ತಿಲ್ಲ. ರಾಣಿ ಈ 23 ಜಾಗಗಳಲ್ಲಿ ಎಲ್ಲೋ ಒಂದು ಕಡೆ ಕೂತಿದೆ. ಎಡಗಡೆ ಇರೋ ಸಂಭವ 23ಕ್ಕೆ 12, ಅಂದ್ರೆ ನೂರಕ್ಕೆ 52. ಬಲಗಡೆ ಇರೋದು 48. ಆದ್ದರಿಂದ ರಾಜ ಎತ್ತು. ಮಂತ್ರದ ಎರಡನೇ ಸಾಲಿನ ಹಿಂದೆ ಇರೋದು ಇಷ್ಟೇ: ಒಂದು ಖಾಲಿ ಜಾಗದ ವ್ಯತ್ಯಾಸ.

ಇದನ್ನ ಅರ್ಥ ಮಾಡಿಕೊಂಡವನಿಗೂ ಮಂತ್ರ ಬಾಯಿಪಾಠ ಮಾಡಿದವನಿಗೂ ಈ ಒಂದು ಸಂದರ್ಭದಲ್ಲಿ ಏನೂ ವ್ಯತ್ಯಾಸ ಇಲ್ಲ, ಇಬ್ಬರೂ ರಾಜನನ್ನೇ ಎತ್ತುತಾರೆ. ವ್ಯತ್ಯಾಸ ಕಾಣೋದು ಸಂದರ್ಭ ಚೂರು ಬದಲಾದಾಗ. ಎಡಗಡೆಯವ ಆಟದ ಶುರುವಿನಲ್ಲೇ ಎರಡು ಆಟೀನು ಅಂತ ಕೂಗಿದ್ದ ಅಂದ್ಕೊಳ್ಳಿ. ಇವತ್ತಿನ ಬಹುತೇಕ ಪದ್ಧತಿಗಳಲ್ಲಿ ಅದರರ್ಥ ಅವನ ಹತ್ರ ಆಟೀನು ಆರು ಇದೆ ಅಂತ. ನನ್ನ ಎರಡು ಕೈ ಸೇರಿ ಆಟೀನು ನಾಲ್ಕು. ಹಾಗಾದ್ರೆ ಬಲಗಡೆಯವನ ಹತ್ರ ಮೂರು. ಈಗ ಮತ್ತೆ ಖಾಲಿ ಜಾಗ ಎಣಿಸಿ. ಎಡಗಡೆ 13ರಲ್ಲಿ ಆರು ಆಟೀನು, ನಮ್ಮ ಜಾತಿಯ ಒಂದು, ಉಳಿದದ್ದು 6. ಬಲಗಡೆ 13ರಲ್ಲಿ ಮೂರು ಆಟೀನು, ನಮ್ಮ ಜಾತಿಯ ಎರಡು, ಉಳಿದದ್ದು 8. ರಾಣಿ ಬಲಗಡೆ ಇರೋ ಸಂಭವ 14ಕ್ಕೆ 8, ಅಂದ್ರೆ ನೂರಕ್ಕೆ 57. ಈಗ ಗುಲಾಮ ಹಾಕಬೇಕು. ಅದೇ ಒಂಬತ್ತು ಎಲೆ, ಅದೇ ರಾಣಿ, ಉತ್ತರ ಮಾತ್ರ ತಿರುಗಿಬಿತ್ತು.

ಕೂಗದೆ ಇದ್ದದ್ದೂ ಸುದ್ದಿಯೇ. ಎಕ್ಕಕ್ಕೆ ನಾಲ್ಕು, ರಾಜನಿಗೆ ಮೂರು, ರಾಣಿಗೆ ಎರಡು, ಗುಲಾಮನಿಗೆ ಒಂದು ಅಂತ ಅಂಕ ಹಾಕ್ತಾರೆ. ಹದಿಮೂರು ಬಂದ್ರೆ ಯಾರೂ ಸುಮ್ಮನೆ ಕೂರಲ್ಲ. ಎಲ್ಲರಿಗಿಂತ ಮೊದಲು ಮಾತಾಡೋ ಅವಕಾಶ ಇದ್ದ ಬಲಗಡೆಯವ ಸುಮ್ಮನಿದ್ದ. ಆಟ ನಡೀತಾ ಅವನ ಕೈಯಿಂದ ಒಂದು ಎಕ್ಕ, ಎರಡು ರಾಜ, ಒಂದು ಗುಲಾಮ ಆಗಲೇ ಬಿದ್ದಿದೆ, ಹನ್ನೊಂದಾಯ್ತು. ರಾಣಿಯೂ ಅವನದ್ದೇ ಆಗಿದ್ರೆ ಹದಿಮೂರು, ಕೂಗೇ ಕೂಗ್ತಿದ್ದ. ಹಾಗಾಗಿ ರಾಣಿ ಎಡಗಡೆ. ಇಲ್ಲಿ 52-48ರ ಪ್ರಶ್ನೆಯೇ ಇಲ್ಲ, ಹೆಚ್ಚುಕಡಿಮೆ ಖಾತ್ರಿ. ಇಪ್ಪತ್ತೆಂಟು ಆಡಿ ಬೆಳೆದವನಿಗೆ ಈ ಯೋಚನೆ ಹೊಸದೇನಲ್ಲ. ಎದುರಿನವ ಯಾಕೆ ಕೂಗಲಿಲ್ಲ ಅನ್ನೋದೇ ಅಲ್ಲಿಯ ಪಾಠದ ಅರ್ಧಭಾಗ. ಬ್ರಿಡ್ಜ್ ಮೇಜಿಗೆ ಬಂದಮೇಲೆ ಪುಸ್ತಕದ ಶೇಕಡ ನೋಡಿ ಆ ಬುದ್ಧಿಯನ್ನ ಬಾಗಿಲಲ್ಲೇ ಬಿಟ್ಟುಬರ್ತೀವಿ, ಅದೇ ಬೇಜಾರು.

ಗುಲಾಮ ಬಿದ್ದಾಗ

ಮಂತ್ರ ಇನ್ನೂ ಜೋರಾಗಿ ಮುಗ್ಗರಿಸೋ ಜಾಗ ಒಂದಿದೆ. ನನ್ನ ಕೈಲಿ ಎಕ್ಕ, ರಾಜ, ಹತ್ತು, ಒಂಬತ್ತು, ಐದು. ಡಮ್ಮಿಯಲ್ಲಿ ಎಂಟು, ಆರು, ನಾಲ್ಕು, ಎರಡು. ಮತ್ತೆ ಒಂಬತ್ತೇ ಎಲೆ. ಹೊರಗಿರೋದು ರಾಣಿ, ಗುಲಾಮ, ಏಳು, ಮೂರು. ಎಕ್ಕ ಎತ್ತಿದೆ. ಬಲಗಡೆಯವ ಮೂರು ಹಾಕಿದ, ಎಡಗಡೆಯವನಿಂದ ಗುಲಾಮ ಬಿತ್ತು. ಡಮ್ಮಿಯಿಂದ ಇನ್ನೊಂದು ಬಿಟ್ಟೆ, ಬಲಗಡೆಯವ ಏಳು ಹಾಕಿದ. ಈಗ?

ಖಾಲಿ ಜಾಗದ ಲೆಕ್ಕ ಮಾತ್ರ ನೋಡಿದ್ರೆ ಮೊದಲಿನ ಹಾಗೇ 12ಕ್ಕೆ 11, ರಾಜ ಎತ್ತಬೇಕು ಅನ್ಸುತ್ತೆ. ಮಂತ್ರವೂ ಅದನ್ನೇ ಹೇಳುತ್ತೆ. ಎರಡೂ ತಪ್ಪು. ಎಡಗಡೆಯವನ ಹತ್ರ ರಾಣಿ-ಗುಲಾಮ ಎರಡೂ ಇದ್ದಿದ್ರೆ, ಎಕ್ಕದ ಮೇಲೆ ಅವನು ಎರಡರಲ್ಲಿ ಯಾವುದನ್ನಾದ್ರೂ ಹಾಕಬಹುದಿತ್ತು, ಅವನಿಗೆ ಎರಡೂ ಒಂದೇ. ಅಂಥ ಕೈಗಳಲ್ಲಿ ಅರ್ಧ ಸಲ ಮಾತ್ರ ಗುಲಾಮ ಕಾಣುತ್ತೆ, ಇನ್ನರ್ಧ ಸಲ ರಾಣಿ. ಒಂಟಿ ಗುಲಾಮ ಮಾತ್ರ ಇದ್ದವನಿಗೆ ಆಯ್ಕೆಯೇ ಇಲ್ಲ, ಪ್ರತಿ ಸಲವೂ ಗುಲಾಮನೇ ಬೀಳಬೇಕು. ಹಾಗಾಗಿ ಗುಲಾಮ ಬಿದ್ದ ಅಂದ್ರೆ ಅದು ಒಂಟಿಯಾಗಿರೋ ಕಡೆಗೇ ತಕ್ಕಡಿ ವಾಲುತ್ತೆ. 12ರ ಜಾಗದಲ್ಲಿ 6 ಇಟ್ಟು ನೋಡಿ: 11ಕ್ಕೆ 6. ಫಿನೆಸ್ ಗೆಲ್ಲೋದು ನೂರಕ್ಕೆ ಸುಮಾರು 65 ಸಲ. ಹತ್ತು ಹಾಕಿ.

ಇದಕ್ಕೆ ಸೀಮಿತ ಆಯ್ಕೆಯ ತತ್ವ ಅಂತಾರೆ. ಇಂಗ್ಲೆಂಡಿನ ಟೆರೆನ್ಸ್ ರೀಸ್ 1958ರ ತನ್ನ ಪುಸ್ತಕದಲ್ಲಿ ಇದನ್ನ ವಿಸ್ತಾರವಾಗಿ ವಿವರಿಸಿದ. ನಮ್ಮ ವೃತ್ತಿಯ ಇಂಟರ್‌ವ್ಯೂಗಳಲ್ಲಿ ಕೇಳೋ ಮೂರು ಬಾಗಿಲಿನ ಒಗಟು ಗೊತ್ತಲ್ಲ? ಒಂದರ ಹಿಂದೆ ಕಾರು, ಎರಡರ ಹಿಂದೆ ಮೇಕೆ. ನೀವು ಒಂದು ಆರಿಸಿದ ಮೇಲೆ ನಡೆಸಿಕೊಡುವವನು ಮೇಕೆಯ ಬಾಗಿಲೊಂದನ್ನ ತೆಗೆದು, ಬದಲಾಯಿಸ್ತೀರಾ ಅಂತ ಕೇಳ್ತಾನೆ. ಎರಡೂ ಒಂದೇ ತತ್ವ. ಬಾಗಿಲು ತೆಗೆದವನಿಗೆ ಆಯ್ಕೆ ಇತ್ತಾ ಇಲ್ವಾ ಅನ್ನೋದು ಮುಖ್ಯ. ಕಣ್ಣಿಗೆ ಬಿದ್ದ ಎಲೆಯಷ್ಟೇ ಸಾಕ್ಷಿ ಅಲ್ಲ, ಅದು ಯಾಕೆ ಬಿತ್ತು ಅನ್ನೋದೂ ಸಾಕ್ಷಿ.

ಎಷ್ಟು ಬೇಕು ಅಂತ ಕೇಳಿ ಆಡಿ

ಪಟ್ಟಿಯ ಇನ್ನೊಂದು ಗುಣವನ್ನ ಮಂತ್ರ ಪೂರ್ತಿ ಮುಚ್ಚಿಹಾಕುತ್ತೆ. ಒಳ್ಳೆ ಪಟ್ಟಿಯಲ್ಲಿ ಒಂದೇ ಜೋಡಣೆಗೆ ಎರಡು ಮೂರು ಉತ್ತರ ಇರುತ್ತೆ: ನಾಲ್ಕು ಟ್ರಿಕ್ಕು ಬೇಕಿದ್ದರೆ ಹೀಗೆ, ಮೂರು ಸಾಕಿದ್ದರೆ ಹಾಗೆ. ಡಮ್ಮಿಯಲ್ಲಿ ರಾಜ, ಗುಲಾಮ ಮತ್ತು ಎರಡು ಸಣ್ಣವು. ನನ್ನ ಕೈಲಿ ಎಕ್ಕ, ಒಂಬತ್ತು ಮತ್ತು ಎರಡು ಸಣ್ಣವು. ನಾಲ್ಕು ಟ್ರಿಕ್ಕೂ ಬೇಕು ಅಂದ್ರೆ ಎಕ್ಕ ಎತ್ತಿ, ಆಮೇಲೆ ಡಮ್ಮಿಯ ಗುಲಾಮನಿಗೆ ಫಿನೆಸ್ ಮಾಡಬೇಕು. ಎಡಗಡೆ ರಾಣಿ ಇದ್ದು ಹೊರಗಿನ ಐದು ಎಲೆ ಮೂರು-ಎರಡು ಹಂಚಿರಬೇಕು. ಮೂರಕ್ಕೊಂದು ಸಲ ಗೆಲ್ಲುತ್ತೆ.

ಮೂರು ಟ್ರಿಕ್ಕು ಸಾಕು ಅಂದ್ರೆ ದಾರಿಯೇ ಬೇರೆ. ಮೊದಲು ರಾಜ. ಆಮೇಲೆ ಡಮ್ಮಿಯಿಂದ ಸಣ್ಣದೊಂದನ್ನ ಎಕ್ಕ-ಒಂಬತ್ತರ ಕಡೆಗೆ ಬಿಡಬೇಕು. ಬಲಗಡೆಯವ ಸಣ್ಣದು ಹಾಕಿದರೆ ನಾನು ಒಂಬತ್ತು ಹಾಕಬೇಕು. ಅದು ಎಡಗಡೆಗೆ ಸೋತರೂ ಚಿಂತೆ ಇಲ್ಲ. ಇಬ್ಬರೂ ಎರಡು ಸಲ ಎಲೆ ಕೊಟ್ಟಾಯ್ತು, ಉಳಿದದ್ದನ್ನ ಎಕ್ಕ ಮತ್ತು ಗುಲಾಮ ನೋಡಿಕೊಳ್ತವೆ. ಬಲಗಡೆಯವ ಹತ್ತು ಹಾಕಿದರೆ ಎಕ್ಕ ಎತ್ತಬೇಕು. ಅವನ ಹತ್ರ ರಾಣಿ ಇದ್ದರೂ ಅದು ಒಂದೇ ಟ್ರಿಕ್ಕು ತಗೊಳ್ಳುತ್ತೆ, ನನ್ನ ಗುಲಾಮ ಉಳೀತು. ಬಲಗಡೆಯವನ ಹತ್ರ ಆ ಜಾತಿಯೇ ಮುಗಿದಿದ್ದರೆ ಎಕ್ಕ ಎತ್ತಿ ಗುಲಾಮನ ಕಡೆಗೆ ಬಿಡಬೇಕು. ಎಲೆಗಳು ನಾಲ್ಕು-ಒಂದು ಅಂತ ಕೆಟ್ಟದಾಗಿ ಹಂಚಿದ್ದರೂ ಮೂರು ಟ್ರಿಕ್ಕು ಎಲ್ಲಿಗೂ ಹೋಗಲ್ಲ. ಮೊದಲ ದಾರಿಯಲ್ಲಿ ಹೋಗಿ ಬಲಗಡೆ ರಾಣಿ, ಹತ್ತು ಮತ್ತೆರಡು ಸೇರಿದ್ದರೆ ಎರಡೇ ಟ್ರಿಕ್ಕಿಗೆ ಇಳೀತೀವಿ. ಅದು ನೂರಕ್ಕೆ ಎಂಟಕ್ಕಿಂತ ಹೆಚ್ಚು ಸಲ ಆಗುತ್ತೆ.

ಯಾವುದು ಸರಿ? ಎಷ್ಟು ಬೇಕು ಅನ್ನೋದರ ಮೇಲೆ ನಿಂತಿದೆ. ತಂಡಗಳ ಪಂದ್ಯದಲ್ಲಿ ಒಪ್ಪಿಕೊಂಡ ಟ್ರಿಕ್ಕು ಪೂರೈಸೋದೇ ದೊಡ್ಡದು, ಅಲ್ಲಿ ಎರಡನೇ ದಾರಿ. ಜೋಡಿಗಳ ಪಂದ್ಯದಲ್ಲಿ ಪಕ್ಕದ ಮೇಜಿನವರಿಗಿಂತ ಒಂದೇ ಒಂದು ಟ್ರಿಕ್ಕು ಹೆಚ್ಚು ತಗೊಂಡರೂ ಪೂರ್ತಿ ಅಂಕ, ಅಲ್ಲಿ ಅಪಾಯಕ್ಕೆ ಕೈ ಹಾಕಬೇಕಾಗಿ ಬರುತ್ತೆ. ಅದೇ ಎಲೆಗಳು, ಅದೇ ಎದುರಾಳಿಗಳು, ಆದ್ರೂ ಸರಿಯಾದ ಆಟ ಬೇರೆ. ಏನು ಉಳಿಸಬೇಕು ಅನ್ನೋದು ಗೊತ್ತಿಲ್ಲದವನಿಗೆ ಹೇಗೆ ಆಡಬೇಕು ಅಂತ ಹೇಳಿಕೊಡೋಕೆ ಬರಲ್ಲ.

ಪಟ್ಟಿಗೂ ಕುರುಡು ಜಾಗ ಇದೆ

ಮಂತ್ರವನ್ನ ಬೈದಷ್ಟಕ್ಕೆ ಪಟ್ಟಿ ಪರಿಶುದ್ಧ ಆಗಲ್ಲ. ವಿಶ್ವಕೋಶದ ಅಧ್ಯಾಯ ಆಗಲಿ, ತಂತ್ರಾಂಶ ಆಗಲಿ, ಮೂರು ವಿಷಯವನ್ನ ಒಪ್ಪಿಕೊಂಡೇ ಶುರು ಮಾಡುತ್ತೆ: ಆ ಕೈಯಿಂದ ಈ ಕೈಗೆ ಬೇಕಾದಾಗೆಲ್ಲ ಓಡಾಡೋಕೆ ದಾರಿ ಇದೆ, ಕೂಗಿನಿಂದ ಏನೂ ತಿಳಿದಿಲ್ಲ, ಎದುರಾಳಿಗಳು ತಪ್ಪೇ ಮಾಡಲ್ಲ. ನಿಜವಾದ ಮೇಜಿನಲ್ಲಿ ಮೂರೂ ಒಟ್ಟಿಗೆ ನಿಜ ಆಗಿರೋದು ಅಪರೂಪ. ಡಮ್ಮಿಗೆ ಹೋಗೋಕೆ ಒಂದೇ ದಾರಿ ಇರುತ್ತೆ, ಪುಸ್ತಕ ಎರಡು ಸಲ ಹೋಗು ಅನ್ನುತ್ತೆ. ಈ ಜಾತಿಯಲ್ಲಿ ಸೋತರೆ ಎಡಗಡೆಯವನ ಕೈಗೆ ಆಟ ಹೋಗಿ ಅವನು ಇನ್ನೊಂದು ಜಾತಿಯ ಐದು ಟ್ರಿಕ್ಕು ಎತ್ಕೊಂಡು ಹೋಗ್ತಾನೆ. ಅಂಥಾ ಕಡೆ ಈ ಜಾತಿಯಲ್ಲಿ ಕಡಿಮೆ ಶೇಕಡ ಇರೋ ದಾರಿಯೇ ಒಟ್ಟು ಆಟಕ್ಕೆ ಒಳ್ಳೇದು. ಪಟ್ಟಿಗೆ ಒಂದು ಜಾತಿ ಮಾತ್ರ ಕಾಣುತ್ತೆ. ಆಡೋದು ನಾಲ್ಕು ಜಾತಿಯನ್ನ.

ಹೊಸ ಯಂತ್ರಗಳಿಗೂ ಈ ಮಾತು ಅನ್ವಯಿಸುತ್ತೆ. 2022ರ ಮಾರ್ಚಿನಲ್ಲಿ ಪ್ಯಾರಿಸ್ಸಿನಲ್ಲಿ ನುಕ್ಕ್‌ಎಐ ಕಂಪನಿಯ ನೂಕ್ ಅನ್ನೋ ಯಂತ್ರ ಎಂಟು ವಿಶ್ವ ಚಾಂಪಿಯನ್ನರಿಗಿಂತ ಚೆನ್ನಾಗಿ ಆಡಿ ಸುದ್ದಿಯಾಯ್ತು. ಸಾಧನೆ ನಿಜವಾಗ್ಲೂ ದೊಡ್ಡದು. ಆದ್ರೆ ಅಲ್ಲಿ ಕೂಗು ಇರಲಿಲ್ಲ, ಎಲೆ ಆಡೋ ಭಾಗ ಮಾತ್ರ. ನಾಲ್ಕು ಜನ ತಾವು ಹೇಳಬೇಕಾದ್ದನ್ನ, ಹೇಳಬಾರದ್ದನ್ನ ಕೆಲವೇ ಪದಗಳಲ್ಲಿ ಹೇಳಿಕೊಳ್ಳೋ ಭಾಗವನ್ನ ಹೊರಗಿಟ್ಟು ಅಳೆದಿದ್ದು. ಬಲಗಡೆಯವನ ಮೌನದಿಂದ ರಾಣಿಯ ಜಾಗ ಗೊತ್ತಾಯ್ತಲ್ಲ, ಆ ಥರದ ಸುಳಿವು ಬರೋದು ಆ ಭಾಗದಿಂದಲೇ.

ಅನುಭವ ಅನ್ನೋ ದೊಡ್ಡಸ್ತಿಕೆ

ಈಗ ನನಗೆ ನಿಜವಾಗಿ ಕಾಡೋ ವಿಷಯ. 52-48ರ ವ್ಯತ್ಯಾಸವನ್ನ ಆಡಿ ಆಡಿಯೇ ಕಂಡುಕೊಳ್ಳಬೇಕಾದ್ರೆ ಎಷ್ಟು ಸಲ ಆಡಬೇಕು? ಅದೃಷ್ಟದ ಏರಿಳಿತ ದಾಟಿ ವ್ಯತ್ಯಾಸ ಸ್ಪಷ್ಟವಾಗಿ ಕಾಣಬೇಕು ಅಂದ್ರೆ ಆ ಒಂದೇ ಸಂದರ್ಭ ಸುಮಾರು 2,000 ಸಲ ಬರಬೇಕು, ಅಷ್ಟೂ ಸಲದ ಫಲಿತಾಂಶ ಬರೆದಿಟ್ಟಿರಬೇಕು. ಹಾಗೆ ಬರೆದಿಟ್ಟವರನ್ನ ನಾನಂತೂ ಕಂಡಿಲ್ಲ. ಅಂದ್ರೆ ನನ್ನ ಅನುಭವದಲ್ಲಿ ಒಂಬತ್ತಕ್ಕೆ ಫಿನೆಸ್ ಮಾಡಬಾರದು ಅಂತ ಯಾರಾದ್ರೂ ಹೇಳಿದ್ರೆ ಅದು ಅವರ ಅನುಭವ ಅಲ್ಲ, ಯಾರಿಂದಲೋ ಕೇಳಿದ್ದು. ಗುಲಾಮ ಬಿದ್ದಾಗಿನ 65-35 ಅಷ್ಟು ಸಣ್ಣದಲ್ಲ, ನಲವತ್ತು ಐವತ್ತು ಸಲದಲ್ಲಿ ಕಾಣಬೇಕು. ಆದ್ರೂ ಜನ ನಂಬಲ್ಲ. ಯಾಕಂದ್ರೆ ಹತ್ತು ಹಾಕಿ ಒಂಟಿ ರಾಣಿಗೆ ಸೋತ ಆ ಒಂದು ರಾತ್ರಿ ಅವರಿಗೆ ಚೆನ್ನಾಗಿ ನೆನಪಿದೆ.

ಬಿತ್ತಾ ಇಲ್ವಾ ಅನ್ನೋದರಿಂದಲೇ ಆಟವನ್ನ ಅಳೆಯೋ ಚಾಳಿ ನಮ್ಮೂರ ಜಗುಲಿಯಿಂದ ಹಿಡಿದು ವೈಟ್‌ಫೀಲ್ಡಿನ ಮೀಟಿಂಗ್ ರೂಮಿನ ತನಕ ಒಂದೇ. ಗೆದ್ದವನು ಜಾಣ, ಸೋತವನು ದಡ್ಡ. ಸರಿಯಾಗಿ ಯೋಚಿಸಿದ ನಿರ್ಧಾರ ನೂರಕ್ಕೆ 48 ಸಲ ಸೋಲಬಹುದು ಅನ್ನೋದನ್ನ ಅಪ್ರೈಸಲ್ಲಿನಲ್ಲಿ ಹೇಳಿ ನೋಡಿ.

ಇದಕ್ಕೆ ಬ್ರಿಡ್ಜ್ ಒಂದು ಮದ್ದು ಕಂಡುಹಿಡಿದಿದೆ, ಡೂಪ್ಲಿಕೇಟ್ ಅಂತ ಅದರ ಹೆಸರು. ಒಂದು ಮೇಜಿನಲ್ಲಿ ಆಡಿದ ಎಲೆಗಳನ್ನೇ ಕಲಸದೆ ಪಕ್ಕದ ಮೇಜಿಗೆ ಕೊಡ್ತಾರೆ. ಎಲ್ಲರೂ ಅವೇ ಎಲೆ ಆಡ್ತಾರೆ. ಒಳ್ಳೆ ಎಲೆ ಬಂದಿದ್ದಕ್ಕೆ ಅಂಕ ಇಲ್ಲ, ಅದೇ ಎಲೆಯಲ್ಲಿ ಬೇರೆಯವರಿಗಿಂತ ಚೆನ್ನಾಗಿ ಆಡಿದ್ದಕ್ಕೆ ಅಂಕ. 2018ರ ಜಕಾರ್ತಾ ಏಷ್ಯನ್ ಗೇಮ್ಸಿನಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬ್‌ನಾಥ್ ಸರ್ಕಾರ್ ಚಿನ್ನ ಗೆದ್ದಾಗ, ಅರವತ್ತರ ವಯಸ್ಸಿನಲ್ಲಿ ಇಸ್ಪೀಟಾಡಿ ಚಿನ್ನವಾ ಅಂತ ನಕ್ಕವರು ಈ ವಿಷಯ ತಿಳಿದಿದ್ರೆ ನಗ್ತಿರಲಿಲ್ಲ. ಅಲ್ಲಿ ಹಂಚಿಕೆಯ ಅದೃಷ್ಟವನ್ನ ಆದಷ್ಟೂ ಸೋಸಿ ತೆಗೆದಿರ್ತಾರೆ.

ಈ ಸೋಸುವಿಕೆ ಎಷ್ಟು ಮುಖ್ಯ ಅನ್ನೋಕೆ ನಮ್ಮ ಕೋರ್ಟುಗಳ ಕಥೆಯೇ ಸಾಕು. 1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿಯನ್ನ ಮುಖ್ಯವಾಗಿ ಕೌಶಲದ ಆಟ ಅಂದಾಗ, ಅದರಲ್ಲಿರೋ ಅದೃಷ್ಟ ಬ್ರಿಡ್ಜಿನ ಹಂಚಿಕೆಯಲ್ಲಿರುವಂಥದ್ದೇ ಅಂತ ಹೋಲಿಸಿತು. ಆ ಹೋಲಿಕೆ ಐವತ್ತು ವರ್ಷ ಬಾಳಿತು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಹಣವಿಟ್ಟು ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸಿದಾಗ, 2022ರ ಫೆಬ್ರವರಿ 14ರಂದು ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಅಂಶಗಳನ್ನ ತಳ್ಳಿಹಾಕಿತು. ಕೌಶಲದ ಆಟ ಜೂಜಲ್ಲ ಅನ್ನೋದು ಅಲ್ಲೂ ಮುಖ್ಯ ವಾದ. ಆಮೇಲೆ 2025ರ ಆಗಸ್ಟಿನಲ್ಲಿ ಸಂಸತ್ತು ಕೌಶಲವೋ ಅದೃಷ್ಟವೋ ಅಂತ ನೋಡದೆ ಹಣದ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸೋ ಕಾನೂನು ತಂದಿತು.

ಕಾನೂನಿನ ತೀರ್ಮಾನ ವಕೀಲರಿಗೆ ಬಿಡ್ತೀನಿ. ಆಡುವವನಾಗಿ ನನ್ನ ಮಾತು ಇಷ್ಟು. ಅಡಿಕೆ ಮಾರಿದ ದುಡ್ಡನ್ನ ಫೋನಿನ ರಮ್ಮಿಗೆ ಸುರಿದ ಹುಡುಗರು ನಮ್ಮ ಕಡೆಯೂ ಇದ್ದಾರೆ. ಅವರಿಗೆ ಜಾಹೀರಾತು ಹೇಳಿದ್ದು, ಇದು ಕೌಶಲದ ಆಟ, ನೀನು ಜಾಣ ಅಂತ. ರಮ್ಮಿಯಲ್ಲಿ ಕೌಶಲ ಇಲ್ಲ ಅಂತ ನಾನು ಹೇಳಲ್ಲ, ಖಂಡಿತ ಇದೆ. ಆದ್ರೆ ಅವರು ಆಡಿದ ಅದೇ ಎಲೆಗಳನ್ನ ಇನ್ನೊಬ್ಬ ಆಡಿ ತೋರಿಸಲಿಲ್ಲ. ಸೋತಿದ್ದು ಎಲೆಯಿಂದಲೋ ಆಟದಿಂದಲೋ ಅಂತ ತಿಳಿಯೋ ದಾರಿಯನ್ನೇ ಕೊಡಲಿಲ್ಲ. ಮೇಲಿಂದ ಪ್ರತಿ ಆಟಕ್ಕೂ ಮೇಜಿನ ಯಜಮಾನ ತನ್ನ ಪಾಲು ಮುರಿದುಕೊಂಡ. ಬ್ರಿಡ್ಜಿನಲ್ಲಿ ಅಷ್ಟು ಹೆಸರಾದ ಒಂದು ಸೂತ್ರದ ಲಾಭವೇ 52-48 ಇರುವಾಗ, ಸಣ್ಣ ಜಾಣತನದ ಲಾಭ ಆ ಪಾಲಿನಲ್ಲೇ ಕೊಚ್ಚಿಹೋಗುತ್ತೆ. ಕೌಶಲ ಅಂತ ಕರೆದಮೇಲೆ ಅದನ್ನ ಅಳೆದು ತೋರಿಸೋ ಜವಾಬ್ದಾರಿಯೂ ಬರುತ್ತೆ. ಡೂಪ್ಲಿಕೇಟ್ ಬ್ರಿಡ್ಜ್ ಆ ಜವಾಬ್ದಾರಿ ಹೊತ್ತಿದೆ. ಅದರ ಹೆಸರು ಹೇಳ್ಕೊಂಡು ಬದುಕಿದ ವ್ಯಾಪಾರ ಹೊರಲಿಲ್ಲ.

ಹಾಗಾದ್ರೆ ಮಂತ್ರವನ್ನ ಏನು ಮಾಡೋಣ? ಮೊದಲ ತಿಂಗಳು ಇಟ್ಕೊಳ್ಳಿ, ಕೈ ಬಿಡೋ ತನಕ ಸೈಕಲ್ ಹಿಂದೆ ಹಿಡಿದುಕೊಂಡವರ ಹಾಗೆ. ಎರಡನೇ ತಿಂಗಳಿಗೆ ಖಾಲಿ ಜಾಗ ಎಣಿಸೋದನ್ನ ಕಲೀರಿ. ಕಷ್ಟ ಏನಿಲ್ಲ, ಹದಿಮೂರರಿಂದ ಕಳೆಯೋಕೆ ಬಂದ್ರೆ ಸಾಕು. ಬೆಂಗಳೂರಿನಲ್ಲಿ ಕ್ಲಬ್ಬುಗಳಿವೆ, ಫೋನಿನಲ್ಲಿ ದುಡ್ಡಿಲ್ಲದೆ ಆಡೋ ಬ್ರಿಡ್ಜ್ ಮೇಜುಗಳೂ ಇವೆ. ಆಟ ಮುಗಿದ ಮೇಲೆ ಜೊತೆಗಾರ ರಾಣಿ ಬಿತ್ತಲ್ಲ ಅಂತ ಬೆನ್ನು ತಟ್ಟಿದರೂ, ಬೀಳಲಿಲ್ಲವಲ್ಲ ಅಂತ ಮುಖ ಗಂಟು ಹಾಕಿದರೂ, ಎಡಗಡೆ ಎಷ್ಟು ಜಾಗ ಇತ್ತು, ಬಲಗಡೆ ಎಷ್ಟು ಇತ್ತು ಅಂತ ಕೇಳಿ. ಉತ್ತರ ಕೊಟ್ಟರೆ ಅವರ ಜೊತೆ ಇನ್ನೊಂದು ಆಟಕ್ಕೆ ಕೂರಬಹುದು.